ಮಗುವಿಗೆ ಹ್ಯಾಂಡ್‌ಹೆಲ್ಡ್ ಗೇಮ್ ಕನ್ಸೋಲ್ ಉಡುಗೊರೆ: ಯಾವುದು ಕೊಡಬೇಕು, ಎಲ್ಲಿಂದ ತರಬೇಕು

ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಬೇಕು ಎಂದು ಮಗು ಕೇಳಿದೆ. ನೀವು ಆನ್‌ಲೈನ್ ಅಂಗಡಿ ತೆರೆದು ನೋಡುತ್ತೀರಿ. ಕೆಲವು ನೂರು ರೂಪಾಯಿಯ ‘400 ಇನ್ 1’ ಡಬ್ಬಿಯೂ ಅಲ್ಲಿದೆ, ಲ್ಯಾಪ್‌ಟಾಪಿನಷ್ಟು ಬೆಲೆಯದ್ದೂ ಇದೆ. ಎಲ್ಲದಕ್ಕೂ ಹ್ಯಾಂಡ್‌ಹೆಲ್ಡ್ ಕನ್ಸೋಲ್ ಎಂದೇ ಹೆಸರು. ಎಲ್ಲದರ ಫೋಟೋದಲ್ಲೂ ನಗುವ ಮಕ್ಕಳು. ಯಾವುದನ್ನು ನಂಬುವುದು?

ಇವುಗಳಲ್ಲಿ ಚಿಕ್ಕ ಮಕ್ಕಳಿಗೂ ಹೊಂದುವಂತೆ ಯೋಚಿಸಿ ಮಾಡಿದ್ದು ನಿಂಟೆಂಡೊ ಸ್ವಿಚ್. ತೊಡಕು ಏನೆಂದರೆ, ಈ ಜಪಾನ್ ಕಂಪನಿ ಸ್ವಿಚ್ ಅನ್ನು ಭಾರತದಲ್ಲಿ ತಾನಾಗಿ ಮಾರುವುದಿಲ್ಲ. ಇಲ್ಲಿ ಸಿಗುವುದೆಲ್ಲ ಹೊರಗಿಂದ ತರಿಸಿದ ಮಾಲು. ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ಆಟಗಳನ್ನು ಕೊಳ್ಳುವ ‘ಇ-ಶಾಪ್’ ಭಾರತಕ್ಕೆಂದು ಬೇರೆ ಇಲ್ಲ. ಹಾಗಾಗಿ ಅಮೆರಿಕದ ಅಪ್ಪ-ಅಮ್ಮಂದಿರಿಗೆ ಹೇಳುವ ಸಲಹೆ ನಮಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ನಾವು ಎರಡು ಪ್ರಶ್ನೆ ಜಾಸ್ತಿ ಕೇಳಿಕೊಳ್ಳಬೇಕು. ಡಬ್ಬಿ ಬಿಚ್ಚಿದ ದಿನವೇ ಮಗು ಆಡಬಹುದಾ? ಮೂರು ತಿಂಗಳ ನಂತರ ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ? ಈ ಲೇಖನದ ಎಲ್ಲ ಹಂತಗಳೂ ಈ ಎರಡು ಪ್ರಶ್ನೆಗಳಿಗೇ ಸಂಬಂಧಿಸಿದ್ದು.

ಹಂತ 1: ಮೊದಲು ಮಗುವನ್ನು ನೋಡಿ

ವಯಸ್ಸು ಮುಖ್ಯ, ನಿಜ. ಆದರೆ ವಯಸ್ಸಿಗಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ. ಮಗುವಿಗೆ ಪರದೆ ಮೇಲಿನ ಇಂಗ್ಲಿಷ್ ಓದಲು ಬರುತ್ತದಾ?

ಈ ಯಂತ್ರಗಳ ಮೆನುಗಳಲ್ಲಿ ಕನ್ನಡ ಇಲ್ಲ. ದೊಡ್ಡ ಆಟಗಳಲ್ಲಿ ಪಾತ್ರಗಳು ಮಾತಾಡುವುದು ಹೆಚ್ಚಾಗಿ ಅಕ್ಷರಗಳಲ್ಲಿ. ‘ಮುಂದಿನ ಊರಿಗೆ ಹೋಗಿ ಇಂಥವರನ್ನು ಭೇಟಿ ಮಾಡು’ ಎಂದು ಪರದೆಯಲ್ಲಿ ಬರೆದು ತೋರಿಸುತ್ತದೆ. ಓದಲು ಬಾರದ ಮಗು ಅಲ್ಲೇ ನಿಂತುಬಿಡುತ್ತದೆ. ಏನು ಮಾಡಬೇಕೆಂದು ತಿಳಿಯದೆ ಬೇಸರ ಬಂದು ಯಂತ್ರವನ್ನು ಬದಿಗಿಡುತ್ತದೆ. ಆಟ ಕೆಟ್ಟದು ಅಂತಲ್ಲ, ಮಗು ದಡ್ಡ ಅಂತಲೂ ಅಲ್ಲ. ಆಯ್ಕೆ ತಪ್ಪಾಗಿರುತ್ತದೆ, ಅಷ್ಟೇ. ಕನ್ನಡ ಮಾಧ್ಯಮದಲ್ಲಿ ಓದುವ ಎಂಟು ವರ್ಷದ ಮಗುವಿಗೂ ಇಂಗ್ಲಿಷ್ ಮಾಧ್ಯಮದ ಆರು ವರ್ಷದ ಮಗುವಿಗೂ ಒಂದೇ ಆಟ ಸರಿಹೋಗಬಹುದು. ಹಾಗಾಗಿ ಡಬ್ಬಿಯ ಮೇಲಿನ ವಯಸ್ಸನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ.

ಇನ್ನೂ ಮೂರು ವಿಷಯ ಗಮನಿಸಿ. ಮನೆಯಲ್ಲಿ ಆಡುವವರು ಒಬ್ಬರೇ, ಅಣ್ಣ-ತಂಗಿ ಇಬ್ಬರಾ? ಮಗುವಿನ ಕೈ ಎಷ್ಟು ಚಿಕ್ಕದು? ಮನೆಯಲ್ಲಿ ಹೊಸ ಟಿವಿ ಇದೆಯಾ, ಅದರ ಮುಂದೆ ಕೂತು ಆಡಲು ಉಳಿದವರು ಬಿಡುತ್ತಾರಾ? ಈ ಉತ್ತರಗಳ ಮೇಲೆಯೇ ಯಾವ ಮಾದರಿ ಎಂಬುದು ನಿಂತಿದೆ.

ಐದು ತುಂಬದ ಮಗುವಿಗೆ ಕನ್ಸೋಲ್ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಮುಂದೆ ಕೂರಬಾರದು, ಇನ್ನೂ ಕಡಿಮೆ ಆದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಒಂದು ಗಂಟೆ ಟಿವಿಯಲ್ಲೋ ಫೋನಿನಲ್ಲೋ ಆಗಲೇ ಮುಗಿದಿರುತ್ತದೆ. ಮೇಲಾಗಿ, ಆ ವಯಸ್ಸಿನ ಬೆರಳುಗಳಿಗೆ ಎರಡು ಕಡ್ಡಿ (ಹೆಬ್ಬೆರಳಿನಿಂದ ಅಲ್ಲಾಡಿಸುವ ಸ್ಟಿಕ್), ನಾಲ್ಕಾರು ಗುಂಡಿ ಒಟ್ಟಿಗೆ ನಡೆಸುವುದು ಕಷ್ಟ.

ಮಗುವಿಗೆ ಫಿಟ್ಸ್ ಬಂದದ್ದಿದ್ದರೆ, ಕೊಳ್ಳುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಮಿನುಗುವ ಬೆಳಕಿನಿಂದ ಸುಮಾರು 4,000 ಜನರಲ್ಲಿ ಒಬ್ಬರಿಗೆ ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವ ತೊಂದರೆ ಬರಬಹುದು ಎಂದು ನಿಂಟೆಂಡೊ ತನ್ನ ಎಚ್ಚರಿಕೆಯಲ್ಲೇ ಬರೆದಿದೆ.

ಹಂತ 2: ಯಂತ್ರಕ್ಕೆ ಮುಂಚೆ ಆಟ ಆರಿಸಿ

ಮಗುವಿನ ಜೊತೆ ಕೂತು ಎರಡು-ಮೂರು ಆಟಗಳ ವಿಡಿಯೋ ನೋಡಿ. ಗುಟ್ಟಾಗಿ ಕೊಡುವ ಉಡುಗೊರೆ ಆದರೆ ಅದರ ಸ್ನೇಹಿತರ ಅಪ್ಪ-ಅಮ್ಮನನ್ನು ಕೇಳಿ. ಮಗುವಿಗೆ ಬೇಕಾದ ಆಟ ಯಾವ ಯಂತ್ರದಲ್ಲಿ ಓಡುತ್ತದೆ ಎಂಬುದು ಗೊತ್ತಾದರೆ ಮುಂದಿನ ತಲೆನೋವು ಅರ್ಧ ಕಡಿಮೆ.

ಓದುವ ಹೊರೆ ಇಲ್ಲದ ಆಟಗಳಲ್ಲಿ ನಾನು ಮೊದಲು ಹೇಳುವುದು ‘ಮಾರಿಯೋ ಕಾರ್ಟ್ 8 ಡಿಲಕ್ಸ್’. 2017ರ ಆಟ, ಕಾರು ಓಡಿಸುವ ಪೈಪೋಟಿ. ಇದರಲ್ಲಿ ‘ಸ್ಮಾರ್ಟ್ ಸ್ಟಿಯರಿಂಗ್’ ಎಂಬ ಸೌಲಭ್ಯ ಇದೆ. ಅದನ್ನು ಆನ್ ಮಾಡಿದರೆ ಕಾರು ರಸ್ತೆ ಬಿಟ್ಟು ಹಳ್ಳಕ್ಕೆ ಬೀಳುವುದಿಲ್ಲ. ತಾನಾಗಿ ವೇಗ ಹಿಡಿಯುವ ಆಯ್ಕೆಯೂ ಇದೆ. ಆರು ವರ್ಷದ ಮಗು ಅಪ್ಪನ ಜೊತೆ ಮೊದಲ ದಿನವೇ ಆಡಬಹುದು. ಅಜ್ಜಿಯೂ ಆಡಬಹುದು.

‘ಸೂಪರ್ ಮಾರಿಯೋ ಬ್ರದರ್ಸ್ ವಂಡರ್’ 2023ರದ್ದು. ಇದರಲ್ಲಿ ಯೋಶಿ ಅಥವಾ ನ್ಯಾಬಿಟ್ ಎಂಬ ಪಾತ್ರ ಆರಿಸಿಕೊಂಡರೆ ಶತ್ರುಗಳು ಮುಟ್ಟಿದರೂ ಏನೂ ಆಗುವುದಿಲ್ಲ. ಆದರೆ ಗುಂಡಿಗೆ ಬಿದ್ದರೆ ಔಟ್. ಚಿಕ್ಕವರು ಆ ಪಾತ್ರ ತೆಗೆದುಕೊಂಡು, ದೊಡ್ಡವರು ಮಾರಿಯೋ ಆಗಿ, ಒಟ್ಟಿಗೆ ಆಡಬಹುದು. ‘ಕರ್ಬಿ ಅಂಡ್ ದಿ ಫರ್ಗಾಟನ್ ಲ್ಯಾಂಡ್’ 2022ರಲ್ಲಿ ಬಂತು. ಇಬ್ಬರು ಸೇರಿ ಆಡುವಂಥದ್ದು, ಸುಲಭದ ಮಟ್ಟ ಇದೆ, ಬಣ್ಣ-ಚಿತ್ರ ಎಲ್ಲ ಮೃದು. ಓದದೆಯೇ ಮುಂದೆ ಹೋಗಬಹುದು.

ಪೋಕೆಮಾನ್, ಜೆಲ್ಡಾ, ‘ಅನಿಮಲ್ ಕ್ರಾಸಿಂಗ್’ ಇವೆಲ್ಲ ಒಳ್ಳೆಯ ಆಟಗಳೇ. ಆದರೆ ಓದು ಜಾಸ್ತಿ. ಇಂಗ್ಲಿಷ್ ಸರಾಗವಾಗಿ ಓದುವ ಮಗುವಿಗೆ ಕೊಡಿ. ಅನಿಮಲ್ ಕ್ರಾಸಿಂಗ್ ಬಗ್ಗೆ ಒಂದು ಎಚ್ಚರಿಕೆ: ಒಂದು ಯಂತ್ರದಲ್ಲಿ ಒಂದೇ ದ್ವೀಪ. ಮೊದಲು ಆಡಲು ಶುರು ಮಾಡಿದವರೇ ಆ ದ್ವೀಪದ ಮುಖ್ಯಸ್ಥರು. ಉಳಿದವರು ಅಲ್ಲಿಗೆ ಬಂದು ಮನೆ ಕಟ್ಟಿಕೊಳ್ಳಬಹುದು, ಆದರೆ ದೊಡ್ಡ ತೀರ್ಮಾನಗಳೆಲ್ಲ ಮೊದಲಿನವರ ಕೈಯಲ್ಲಿ. ಅಣ್ಣ-ತಂಗಿ ಇರುವ ಮನೆಯಲ್ಲಿ ಇದೇ ಜಗಳಕ್ಕೆ ಕಾರಣ. ಯಾರು ಮೊದಲು ಎಂದು ಮುಂಚೆಯೇ ಮಾತಾಡಿಕೊಳ್ಳಿ.

ಆಟದ ಡಬ್ಬಿಯ ಮೇಲೆ ವಯಸ್ಸಿನ ಗುರುತು ಇರುತ್ತದೆ. ಯುರೋಪಿನ ‘ಪೆಗಿ’ಯಲ್ಲಿ 3, 7, 12, 16, 18 ಎಂದು ಅಂಕಿಯಲ್ಲೇ ಇರುತ್ತದೆ, ಗೊಂದಲವಿಲ್ಲ. ಅಮೆರಿಕದ ‘ಇಎಸ್ಆರ್‌ಬಿ’ಯಲ್ಲಿ ‘ಇ’ ಎಂದರೆ ಎಲ್ಲರಿಗೂ, ‘ಇ10+’ ಎಂದರೆ ಹತ್ತು ದಾಟಿದವರಿಗೆ, ‘ಟಿ’ ಎಂದರೆ ಹದಿಮೂರು ದಾಟಿದವರಿಗೆ, ‘ಎಂ’ ಎಂದರೆ ಹದಿನೇಳು ದಾಟಿದವರಿಗೆ. ಈ ಗುರುತು ಹೇಳುವುದು ಹಿಂಸೆ, ಬೈಗುಳ ಇಂಥದ್ದರ ಬಗ್ಗೆ. ಆಟ ಸುಲಭವಾ ಕಷ್ಟವಾ ಎಂಬುದನ್ನು ಅದು ಹೇಳುವುದಿಲ್ಲ.

ಪುಕ್ಕಟೆ ಆಟಗಳ ಬಗ್ಗೆ ಹುಷಾರಾಗಿರಿ. ಫೋರ್ಟ್‌ನೈಟ್‌ನಂಥ ಆಟ ಇಳಿಸಿಕೊಳ್ಳಲು ದುಡ್ಡು ಬೇಡ. ಆದರೆ ಒಳಗೆ ಬಟ್ಟೆ, ಕುಣಿತ ಎಂದು ದಿನವೂ ಹೊಸದು ಮಾರುತ್ತಾರೆ. ಮೊದಲೇ ಪೂರ್ತಿ ದುಡ್ಡು ಕೊಟ್ಟು ಕೊಂಡ ಮಾರಿಯೋ ಅಥವಾ ಕರ್ಬಿ ಆಟದ ಮಧ್ಯೆ ಹೀಗೆ ದುಡ್ಡು ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ. ಫೋನಿನಲ್ಲಿ ಗೇಮ್ ಆಡುವ ಮಗುವಿಗೆ ಕನ್ಸೋಲ್ ಕೊಡಿಸಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ಹಂತ 3: ಈಗ ಯಂತ್ರ

ಸ್ವಿಚ್ ಕುಟುಂಬದಲ್ಲಿ ನಾಲ್ಕು ಜನ ಇದ್ದಾರೆ. ಮೊದಲ ಸ್ವಿಚ್ ಮಾರ್ಚ್ 2017ರಲ್ಲಿ ಬಂತು. ಪರದೆ 6.2 ಇಂಚು. ಕೈಯಲ್ಲಿ ಹಿಡಿದೂ ಆಡಬಹುದು, ‘ಡಾಕ್’ ಎಂಬ ಗೂಡಿನಲ್ಲಿ ಇಟ್ಟು ಟಿವಿಗೂ ಹಾಕಬಹುದು. ಎರಡೂ ಬದಿಯ ‘ಜಾಯ್-ಕಾನ್’ ಎಂಬ ಕಂಟ್ರೋಲರ್‌ಗಳನ್ನು ಬಿಚ್ಚಿ ಇಬ್ಬರು ಒಂದೊಂದು ಹಿಡಿದು ಆಡಬಹುದು. 2021ರಲ್ಲಿ ಬಂದ ‘ಸ್ವಿಚ್ ಓಎಲ್ಇಡಿ’ ಇದೇ ಯಂತ್ರ, ಪರದೆ ಮಾತ್ರ 7 ಇಂಚು ಮತ್ತು ತುಂಬ ಚೆಂದ. ಒಳಗೆ 64 ಜಿಬಿ ಜಾಗ. ಹಿಂದಿನ ಆಸರೆ ಅಗಲವಾಗಿರುವುದರಿಂದ ಮೇಜಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ.

‘ಸ್ವಿಚ್ ಲೈಟ್’ 2019ರದ್ದು. ಚಿಕ್ಕದು, 5.5 ಇಂಚಿನ ಪರದೆ, ತೂಕ ಸುಮಾರು 275 ಗ್ರಾಂ. ಓಎಲ್ಇಡಿ ಜಾಯ್-ಕಾನ್ ಸಮೇತ 420 ಗ್ರಾಂ ಆಗುತ್ತದೆ. ಏಳು ವರ್ಷದ ಮಗುವಿನ ಕೈಗೆ ಈ ವ್ಯತ್ಯಾಸ ದೊಡ್ಡದು. ಲೈಟ್ ಬೆಲೆಯೂ ಕಡಿಮೆ. ಅಮೆರಿಕದಲ್ಲಿ ಮೊದಲು ಬಂದಾಗ ಮೂಲ ಸ್ವಿಚ್‌ಗೆ 300 ಡಾಲರ್, ಲೈಟ್‌ಗೆ 200 ಡಾಲರ್ ಇತ್ತು. ಈಚೆಗೆ ಅಲ್ಲೂ ಬೆಲೆ ಏರಿದೆ.

ಆದರೆ ಲೈಟ್‌ನಲ್ಲಿ ಎರಡು ಕೊರತೆ. ಒಂದು, ಟಿವಿಗೆ ಹಾಕಲು ಆಗುವುದೇ ಇಲ್ಲ. ಗೂಡು ಬೇರೆ ಕೊಂಡರೂ ಆಗುವುದಿಲ್ಲ. ಎರಡು, ಜಾಯ್-ಕಾನ್ ಬಿಚ್ಚಲು ಬರುವುದಿಲ್ಲ. ಹಾಗಾಗಿ ‘ಸೂಪರ್ ಮಾರಿಯೋ ಪಾರ್ಟಿ’, ‘ರಿಂಗ್ ಫಿಟ್’ ತರಹದ ಆಟಗಳಿಗೆ ಜಾಯ್-ಕಾನ್ ಬೇರೆ ಕೊಳ್ಳಬೇಕು. ಎಲ್ಲರೂ ಸೇರಿ ಕುಣಿದು ಆಡಲಿ ಎಂಬ ಆಸೆ ನಿಮ್ಮದಾದರೆ ಲೈಟ್ ಬೇಡ.

‘ಸ್ವಿಚ್ 2’ ಜೂನ್ 2025ರಲ್ಲಿ ಬಂತು. ಪರದೆ 7.9 ಇಂಚು, ಒಳಗೆ 256 ಜಿಬಿ, ತೂಕ ಅರ್ಧ ಕೆಜಿಗೂ ಸ್ವಲ್ಪ ಜಾಸ್ತಿ. ಅಮೆರಿಕದಲ್ಲಿ 450 ಡಾಲರ್‌ಗೆ ಮಾರಾಟಕ್ಕೆ ಬಂತು. ಹಳೆಯ ಸ್ವಿಚ್ ಆಟಗಳಲ್ಲಿ ಬಹುಪಾಲು ಇದರಲ್ಲಿ ಓಡುತ್ತವೆ. ಸ್ವಿಚ್ 2 ಆಟ ಮಾತ್ರ ಹಳೆಯದರಲ್ಲಿ ಓಡುವುದಿಲ್ಲ. ಡಬ್ಬಿಯ ಮೇಲೆ ‘2’ ಇದೆಯಾ ಎಂದು ನೋಡಿಯೇ ಆಟ ಕೊಳ್ಳಿ. ಇದಕ್ಕೆ ಸಾಮಾನ್ಯ ಮೈಕ್ರೋ ಎಸ್‌ಡಿ ಕಾರ್ಡ್‌ನಲ್ಲಿ ಆಟ ಇಟ್ಟುಕೊಳ್ಳಲು ಆಗುವುದಿಲ್ಲ, ‘ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್’ ಎಂಬ ದುಬಾರಿ ಕಾರ್ಡೇ ಬೇಕು. ಇದರ ಕೆಲವು ಆಟಗಳಲ್ಲಿ ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ ಆಟದ ಚಿಕ್ಕ ಕಾರ್ಡ್) ಒಳಗೆ ಆಟವೇ ಇರುವುದಿಲ್ಲ. ‘ಗೇಮ್-ಕೀ ಕಾರ್ಡ್’ ಎನ್ನುತ್ತಾರೆ. ಅದು ಬೀಗದ ಕೈ ಇದ್ದ ಹಾಗೆ, ಆಟವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಊರಲ್ಲಿ ಮೊಬೈಲ್ ಡೇಟಾ ಮಾತ್ರ ಇರುವ ಮನೆಗೆ ಇದು ದೊಡ್ಡ ಕಷ್ಟ.

ನನ್ನ ಲೆಕ್ಕ ಹೀಗಿದೆ. ಆರರಿಂದ ಒಂಬತ್ತು ವರ್ಷ, ಆಡುವುದು ಒಬ್ಬರೇ, ಕಾರಿನಲ್ಲಿ ಬಸ್ಸಿನಲ್ಲಿ ಓಡಾಟ ಜಾಸ್ತಿ: ಲೈಟ್. ಇಬ್ಬರು ಮಕ್ಕಳು, ಮನೆಯಲ್ಲಿ ಟಿವಿ: ಮೂಲ ಸ್ವಿಚ್ ಅಥವಾ ಓಎಲ್ಇಡಿ. ಹತ್ತು ದಾಟಿದ ಮಗು, ಬಜೆಟ್ ಇದೆ, ಮನೆಯಲ್ಲಿ ಒಳ್ಳೆಯ ವೈ-ಫೈ ಇದೆ: ಸ್ವಿಚ್ 2. ಯಾಕೆಂದರೆ ಇನ್ನು ಮುಂದೆ ದೊಡ್ಡ ಆಟಗಳು ಅದಕ್ಕೇ ಬರುತ್ತವೆ. ಹತ್ತರ ಒಳಗಿನ ಮಗುವಿಗೆ ಹಳೆಯ ಸ್ವಿಚ್‌ನಲ್ಲಿ ಈಗಾಗಲೇ ಇರುವ ಆಟಗಳೇ ವರ್ಷಗಟ್ಟಲೆ ಸಾಕು.

ಉಳಿದವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸೋನಿಯ ‘ಪ್ಲೇಸ್ಟೇಷನ್ ಪೋರ್ಟಲ್’ ನೋಡಲು ಹ್ಯಾಂಡ್‌ಹೆಲ್ಡ್ ತರಹವೇ ಇದೆ. ಅದು ಮನೆಯಲ್ಲಿರುವ ‘ಪ್ಲೇಸ್ಟೇಷನ್ 5’ (ಪಿಎಸ್5) ಕನ್ಸೋಲ್‌ನ ಆಟವನ್ನು ವೈ-ಫೈ ಮೂಲಕ ತೋರಿಸುವ ಪರದೆ. ಪಿಎಸ್5 ಇಲ್ಲದ ಮನೆಗೆ ತರಬೇಡಿ. ಏಸಸ್‌ನ ‘ಆರ್‌ಒಜಿ ಅಲೈ’, ಲೆನೊವೊದ ‘ಲೀಜನ್ ಗೋ’ ಭಾರತದಲ್ಲಿ ಕಂಪನಿಯೇ ಮಾರುವಂಥವು, ವಾರಂಟಿ ಇದೆ. ಅಲೈ 2023ರಲ್ಲಿ 69,990 ರೂಪಾಯಿಗೆ ಬಂತು. ಇವು ವಿಂಡೋಸ್ ಕಂಪ್ಯೂಟರ್‌ಗಳೇ. ಬ್ರೌಸರ್ ಇದೆ, ಅಪ್‌ಡೇಟ್‌ಗಳ ಕಾಟ ಇದೆ, 600 ಗ್ರಾಂ ಮೀರಿದ ತೂಕ ಇದೆ. ಆಟಗಳನ್ನು ‘ಸ್ಟೀಮ್’ ಎಂಬ ಆನ್‌ಲೈನ್ ಆಟದ ಅಂಗಡಿಯಲ್ಲಿ ರೂಪಾಯಿಯಲ್ಲೇ, ಯುಪಿಐ ಮೂಲಕ ಕೊಳ್ಳಬಹುದು ಎಂಬುದು ದೊಡ್ಡ ಅನುಕೂಲ. ಹದಿನಾಲ್ಕು ದಾಟಿದ, ಕಂಪ್ಯೂಟರ್ ಬಲ್ಲ ಹುಡುಗ-ಹುಡುಗಿಯರಿಗೆ ಸರಿ. ಚಿಕ್ಕವರಿಗೆ ಬೇಡ.

ಇನ್ನು ‘400 ಇನ್ 1’ ಡಬ್ಬಿ. ಮೂರು ಇಂಚಿನ ಪರದೆ, ಹಳೆಯ ನೋಕಿಯಾ ಫೋನುಗಳಲ್ಲಿ ಇರುತ್ತಿದ್ದ ತರಹದ ಬ್ಯಾಟರಿ. 1980ರ ದಶಕದ ಆಟಗಳನ್ನು ಅನುಮತಿ ಇಲ್ಲದೆ ನಕಲು ಮಾಡಿ ತುಂಬಿರುತ್ತಾರೆ. ಅದೇ ಆಟ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಆಟಗಳು ಬಹಳ ಕಷ್ಟ, ಮಧ್ಯದಲ್ಲಿ ನಿಲ್ಲಿಸಿ ನಾಳೆ ಮುಂದುವರಿಸಲೂ ಆಗುವುದಿಲ್ಲ. ಸ್ವಿಚ್ ಕೇಳಿದ ಮಗುವಿಗೆ ಇದನ್ನು ಕೊಟ್ಟು ಸಮಾಧಾನ ಮಾಡುವುದು ಸರಿಯಲ್ಲ. ಈ ವರ್ಷ ಬಜೆಟ್ ಆಗದಿದ್ದರೆ ಹಾಗೆಂದು ಹೇಳಿ, ಮುಂದಿನ ವರ್ಷಕ್ಕೆ ದುಡ್ಡು ಕೂಡಿಡಿ. ಎಂಟು-ಹತ್ತು ವರ್ಷದ ಮಕ್ಕಳಿಗೆ ಇದು ಅರ್ಥವಾಗುತ್ತದೆ.

ಹಂತ 4: ಎಲ್ಲಿಂದ ತರುವುದು

ಮೂರು ದಾರಿ: ಇಲ್ಲಿನ ಅಂಗಡಿ, ಹೊರದೇಶದ ನೆಂಟರು, ಸೆಕೆಂಡ್ ಹ್ಯಾಂಡ್.

ಬೆಂಗಳೂರಿನಲ್ಲಾದರೆ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್, ಎಸ್‌.ಪಿ. ರಸ್ತೆ ಕಡೆ ವಿಚಾರಿಸಬಹುದು. ಆನ್‌ಲೈನ್‌ನಲ್ಲೂ ಇಂಪೋರ್ಟ್ ಮಾಲು ಸಿಗುತ್ತದೆ. ಬೆಲೆ ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬೇರೆ. ಎರಡು-ಮೂರು ಕಡೆ ಕೇಳಿಯೇ ಕೊಳ್ಳಿ. ಬೆಲೆಗಿಂತ ಮುಖ್ಯ ಇನ್ನೊಂದು ಪ್ರಶ್ನೆ: ‘ಕೆಟ್ಟರೆ ನೀವೇ ರಿಪೇರಿ ಮಾಡಿಸಿಕೊಡುತ್ತೀರಾ? ಎಷ್ಟು ತಿಂಗಳು? ಬಿಲ್ಲಿನ ಮೇಲೆ ಬರೆದುಕೊಡುತ್ತೀರಾ?’ ಇಲ್ಲಿ ಕಂಪನಿ ವಾರಂಟಿ ಇಲ್ಲದ ಕಾರಣ ಅಂಗಡಿಯವರ ಮಾತೇ ವಾರಂಟಿ. ಬರೆದುಕೊಡುವವರಿಗೆ ಸಾವಿರ ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಕೆಲವರು ‘ಜೈಲ್‌ಬ್ರೇಕ್ ಮಾಡಿದ್ದು (ಅಂದರೆ ನಕಲಿ ಆಟ ಓಡುವಂತೆ ಕಂಪನಿಯ ಬೀಗ ಮುರಿದದ್ದು), ನೂರು ಗೇಮ್ ಫ್ರೀ’ ಎಂದು ಆಸೆ ತೋರಿಸುತ್ತಾರೆ. ಬೇಡವೇ ಬೇಡ. ಅದು ಕದ್ದ ಮಾಲು. ಕಂಪನಿಗೆ ಗೊತ್ತಾದ ದಿನ ಆ ಯಂತ್ರವನ್ನು ಆನ್‌ಲೈನ್‌ನಿಂದ ಪೂರ್ತಿ ಹೊರಗಿಡುತ್ತದೆ. ಆಮೇಲೆ ನ್ಯಾಯವಾಗಿ ಆಟ ಕೊಳ್ಳಬೇಕೆಂದರೂ ಇ-ಶಾಪ್ ತೆರೆಯುವುದಿಲ್ಲ. ಮಾಮೂಲಿ ಅಪ್‌ಡೇಟ್ ಮಾಡಲೂ ಹೆದರಬೇಕು. ಮಗುವಿನ ಕೈಗೆ ಕೊಡುವ ಮೊದಲ ಯಂತ್ರ ಹಾಗಿರಬಾರದು.

ಅಮೆರಿಕ, ಸಿಂಗಾಪುರ, ದುಬೈ ಕಡೆಯಿಂದ ಚಿಕ್ಕಪ್ಪನೋ ಅತ್ತೆಯೋ ಬರುವವರಿದ್ದರೆ ಅದು ಒಳ್ಳೆಯ ದಾರಿ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಗಲ್ಫ್‌ನಿಂದಲೇ ಇಂಥ ವಸ್ತುಗಳು ಬರುವುದು. ಸ್ವಿಚ್ ಕಾರ್ಟ್ರಿಜ್‌ಗಳಿಗೆ ದೇಶದ ಬೀಗ ಇಲ್ಲ. ದುಬೈನ ಯಂತ್ರದಲ್ಲಿ ಅಮೆರಿಕದ ಕಾರ್ಟ್ರಿಜ್ ಓಡುತ್ತದೆ. ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತದೆ, ಹಾಗಾಗಿ ನಮ್ಮ ಕರೆಂಟಿಗೆ ಟ್ರಾನ್ಸ್‌ಫಾರ್ಮರ್ ಬೇಡ. ಪಿನ್ನಿನ ಆಕಾರ ಮಾತ್ರ ಬೇರೆ, ಒಂದು ಅಡಾಪ್ಟರ್ ಸಾಕು.

ಜಪಾನಿನಿಂದ ತರಿಸುವವರು ಇಲ್ಲಿ ಗಮನಿಸಿ. ಸ್ವಿಚ್ 2ನಲ್ಲಿ ಜಪಾನ್‌ಗೆಂದೇ ಮಾಡಿದ ಅಗ್ಗದ ಮಾದರಿ ಇದೆ. ಅದರ ಮೆನು ಜಪಾನಿ ಭಾಷೆಯಲ್ಲಿ ಮಾತ್ರ. ಜಪಾನಿನ ನಿಂಟೆಂಡೊ ಖಾತೆ ಬಿಟ್ಟು ಬೇರೆ ದೇಶದ ಖಾತೆ ಅದರಲ್ಲಿ ಹಿಡಿಯುವುದಿಲ್ಲ. ‘ಬಹುಭಾಷೆಯದ್ದು’ ಎಂದು ಸ್ಪಷ್ಟವಾಗಿ ಹೇಳಿ ತರಿಸಿ.

ಬರುವವರು ಯಂತ್ರವನ್ನು ಕೈಚೀಲದಲ್ಲಿ ಇಟ್ಟುಕೊಳ್ಳಲಿ, ಒಳಗೆ ಲಿಥಿಯಂ ಬ್ಯಾಟರಿ ಇದೆ. ಬಿಲ್ ಜೊತೆಗಿರಲಿ. ಸುಂಕವಿಲ್ಲದೆ ತರಬಹುದಾದ ಮೊತ್ತಕ್ಕೆ ಮಿತಿ ಇದೆ, ಹೊರಡುವ ಮುನ್ನ ಆಗಿನ ನಿಯಮ ನೋಡಿಕೊಳ್ಳಲಿ. ಕೊರಿಯರ್‌ನಲ್ಲಿ ಕಳಿಸುವುದು ಬೇಡ. ‘ಗಿಫ್ಟ್’ ಎಂದು ಬರೆದರೂ ಸುಂಕ ಬೀಳುತ್ತದೆ. 2019ರ ಕೊನೆಯಿಂದ ಆ ವಿನಾಯಿತಿ ಇಲ್ಲ.

ಸೆಕೆಂಡ್ ಹ್ಯಾಂಡ್ ತಪ್ಪೇನಲ್ಲ. ಆದರೆ ಕೈಗೆ ತೆಗೆದುಕೊಂಡು ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಸ್ವಿಚ್‌ನ ಹೆಸರಾದ ರೋಗ ‘ಡ್ರಿಫ್ಟ್’. ಕಡ್ಡಿ ಮುಟ್ಟದಿದ್ದರೂ ಪಾತ್ರ ತಾನಾಗಿ ಒಂದು ಕಡೆ ನಡೆಯುತ್ತದೆ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಭಾಗಕ್ಕೆ ಹೋಗಿ, ಕಡ್ಡಿಗಳನ್ನು ಕ್ಯಾಲಿಬ್ರೇಟ್ ಮಾಡುವ ಪರದೆ ತೆರೆಯಿರಿ. ಕೈ ಬಿಟ್ಟಾಗ ಗುರುತು ಸರಿಯಾಗಿ ನಡುವೆ ನಿಲ್ಲಬೇಕು. ಬೇರೆ ಮಾದರಿಯಲ್ಲಿ ಡ್ರಿಫ್ಟ್ ಬಂದರೆ ಜಾಯ್-ಕಾನ್ ಒಂದನ್ನೇ ಬದಲಾಯಿಸಬಹುದು. ಲೈಟ್‌ನಲ್ಲಿ ಇಡೀ ಯಂತ್ರವನ್ನೇ ರಿಪೇರಿಗೆ ಕೊಡಬೇಕು. ಆಮೇಲೆ ವೈ-ಫೈಗೆ ಹಾಕಿ ಇ-ಶಾಪ್ ತೆರೆಯಿರಿ. ತೆರೆಯದಿದ್ದರೆ ಅದು ಕಂಪನಿ ಹೊರಗಿಟ್ಟ ಯಂತ್ರ ಇರಬಹುದು, ಬಿಟ್ಟುಬಿಡಿ. ಒಂದು ಕಾರ್ಟ್ರಿಜ್ ಹಾಕಿ ತೆಗೆದು ನೋಡಿ. ಚಾರ್ಜ್ ಆಗುತ್ತದಾ, ಹಿಂಭಾಗ ಉಬ್ಬಿದೆಯಾ ನೋಡಿ. ಮಾರುವವರು ನಿಮ್ಮ ಎದುರಿಗೇ ತಮ್ಮ ಖಾತೆ ಮತ್ತು ಪೇರೆಂಟಲ್ ಪಿನ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿಕೊಡಲಿ.

ಹಂತ 5: ಪೂರ್ತಿ ಲೆಕ್ಕ ಹಾಕಿ

ಯಂತ್ರದ ಬೆಲೆ ಬಜೆಟ್‌ನ ಒಂದು ಭಾಗ ಮಾತ್ರ. ನಿಂಟೆಂಡೊದ ದೊಡ್ಡ ಆಟಗಳಿಗೆ ಅಮೆರಿಕದಲ್ಲೇ 60 ಡಾಲರ್, ಸ್ವಿಚ್ 2ನ ಕೆಲವಕ್ಕೆ 70-80 ಡಾಲರ್. ವರ್ಷಗಳು ಕಳೆದರೂ ಬೆಲೆ ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ಮೊದಲ ದಿನಕ್ಕೆ ಒಂದು ಒಳ್ಳೆಯ ಆಟ, ಕಾರ್ಟ್ರಿಜ್ ರೂಪದಲ್ಲಿ. ಅಷ್ಟು ಸಾಕು. ಇ-ಶಾಪ್‌ನಲ್ಲಿ ಎಷ್ಟೋ ಆಟಗಳ ಡೆಮೊ ಪುಕ್ಕಟೆ ಸಿಗುತ್ತದೆ. ಅವುಗಳನ್ನು ಆಡಿ ಎರಡನೆಯ ಆಟವನ್ನು ಮಗುವೇ ಆರಿಸಲಿ.

ಕಾರ್ಟ್ರಿಜ್ ಎಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಡಿಜಿಟಲ್ ಆಟ ಕೊಳ್ಳಲು ಬೇರೆ ದೇಶದ ಖಾತೆ ಬೇಕು, ಆ ದೇಶದ್ದೇ ಗಿಫ್ಟ್ ಕಾರ್ಡ್ ಬೇಕು. ಅಮೆರಿಕದ ಖಾತೆಗೆ ಬ್ರಿಟನ್ನಿನ ಕಾರ್ಡ್ ಹಿಡಿಯುವುದಿಲ್ಲ. ಅಮೆರಿಕದಲ್ಲಿ ನೆಂಟರಿದ್ದರೆ ಅವರು ಕಾರ್ಡಿನ ಕೋಡ್ ಕಳಿಸಬಹುದು, ಸುಲಭವಾಗುತ್ತದೆ. ಇಲ್ಲದಿದ್ದರೆ ಕಾರ್ಟ್ರಿಜ್ ನೆಮ್ಮದಿ.

ಇದರ ಜೊತೆಗೆ ಪರದೆಗೆ ಟೆಂಪರ್ಡ್ ಗ್ಲಾಸ್, ಗಟ್ಟಿ ಪೌಚ್ ತೆಗೆದುಕೊಳ್ಳಿ. ಸ್ವಿಚ್ ಮತ್ತು ಲೈಟ್‌ನಲ್ಲಿ 32 ಜಿಬಿ ಜಾಗವಷ್ಟೇ ಇರುವುದರಿಂದ ಮೈಕ್ರೋ ಎಸ್‌ಡಿ ಕಾರ್ಡೂ ಬೇಕಾಗುತ್ತದೆ. ಕೈಯಲ್ಲಿ ಆಡುವಾಗ ಟೈಪ್-ಸಿ ಪಿಡಿ (ಪವರ್ ಡೆಲಿವರಿ) ಫೋನ್ ಚಾರ್ಜರ್ ಕೂಡ ಆಗುತ್ತದೆ. ಡಾಕ್‌ಗೆ ಮಾತ್ರ ಅದರದ್ದೇ ಚಾರ್ಜರ್ ಬಳಸಿ.

ಮನೆಯಲ್ಲಿ ಅಂಬೆಗಾಲಿಡುವ ಕೂಸು ಇದ್ದರೆ ಕಾರ್ಟ್ರಿಜ್‌ಗಳನ್ನು ಎತ್ತರದಲ್ಲಿಡಿ. ಬಾಯಿಗೆ ಹಾಕಿಕೊಳ್ಳದಿರಲಿ ಎಂದೇ ಸ್ವಿಚ್ ಕಾರ್ಟ್ರಿಜ್‌ಗೆ ತುಂಬಾ ಕಹಿಯಾದ ಲೇಪ ಹಚ್ಚಿರುತ್ತಾರೆ. ಆದರೂ ಅದು ನುಂಗುವಷ್ಟು ಚಿಕ್ಕ ವಸ್ತು.

ಹಂತ 6: ಪ್ಯಾಕ್ ಮಾಡುವ ಹಿಂದಿನ ರಾತ್ರಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಡಬ್ಬಿಯಿಂದ ನೇರ ತೆಗೆದ ಯಂತ್ರ ಅಪ್‌ಡೇಟ್ ಕೇಳುತ್ತದೆ, ಆಟವೂ ಅಪ್‌ಡೇಟ್ ಕೇಳುತ್ತದೆ, ಖಾತೆ ಕೇಳುತ್ತದೆ. ನೆಂಟರೆಲ್ಲ ಸುತ್ತ ನಿಂತಿರುವಾಗ ಮಗು ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಇನ್ನೂ ಕಷ್ಟ. ಹಾಗಾಗಿ ಮುಂಚೆಯೇ ಡಬ್ಬಿ ಬಿಚ್ಚಿ. ಪೂರ್ತಿ ಚಾರ್ಜ್ ಮಾಡಿ, ಅಪ್‌ಡೇಟ್ ಮುಗಿಸಿ, ಆಟ ಒಮ್ಮೆ ಓಡಿಸಿ ನೋಡಿ. ಟಿವಿಗೂ ಹಾಕಿ ನೋಡಿ. ಜಾಯ್-ಕಾನ್ ಕೈಕೊಡುತ್ತಿದ್ದರೆ ಅಂಗಡಿಗೆ ಹಿಂದಿರುಗಿಸಲು ಇನ್ನೂ ಸಮಯ ಇರುತ್ತದೆ.

ಖಾತೆ ಮಾಡುವಾಗ ಮೊದಲು ನಿಮ್ಮದು, ಅದರ ಕೆಳಗೆ ಮಗುವಿನ ಖಾತೆ. ಮಗುವಿನ ಹುಟ್ಟಿದ ದಿನ ಸರಿಯಾಗಿಯೇ ಹಾಕಿ. ಸುಳ್ಳು ವಯಸ್ಸು ಹಾಕಿದರೆ ರಕ್ಷಣೆಗಳೆಲ್ಲ ಬಿಟ್ಟುಹೋಗುತ್ತವೆ. ಕ್ರೆಡಿಟ್ ಕಾರ್ಡ್ ನಂಬರ್ ಉಳಿಸಬೇಡಿ. ಮಗುವಿನ ಖಾತೆಯಿಂದ ಕೊಳ್ಳದಂತೆ ಇ-ಶಾಪ್‌ಗೆ ತಡೆ ಹಾಕಿ.

ಯಂತ್ರದ ಪೇರೆಂಟಲ್ ಕಂಟ್ರೋಲ್‌ನಲ್ಲಿ ಪಿನ್ ಇಟ್ಟು ವಯಸ್ಸಿನ ಮಿತಿ ಹಾಕಬಹುದು, ಅಪರಿಚಿತರ ಜೊತೆ ಮಾತುಕತೆ ನಿಲ್ಲಿಸಬಹುದು. ದಿನಕ್ಕೆ ಇಷ್ಟೇ ಹೊತ್ತು ಎಂದು ಗೊತ್ತುಮಾಡಲು ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್ ಬೇಕು. ನಿಮ್ಮ ಫೋನಿನಲ್ಲಿ ಅದು ಇಳಿಯುತ್ತದಾ ಎಂದು ಈ ರಾತ್ರಿಯೇ ನೋಡಿಕೊಳ್ಳಿ. ಯಾವ ಆಟ ಎಷ್ಟು ಹೊತ್ತು ಆಡಿದರು ಎಂದೂ ಅದು ತೋರಿಸುತ್ತದೆ. ಸಮಯ ಮುಗಿದಾಗ ಸುಮ್ನೆ ಎಚ್ಚರಿಕೆ ಕೊಡಬೇಕಾ, ಆಟವನ್ನೇ ನಿಲ್ಲಿಸಬೇಕಾ ಎಂಬ ಆಯ್ಕೆ ಇದೆ. ಮೊದಲ ತಿಂಗಳು ಎಚ್ಚರಿಕೆ ಸಾಕು ಎನ್ನುವುದು ನನ್ನ ಸಲಹೆ. ಮಾರಿಯೋ ಕೊನೆಯ ಜಿಗಿತದಲ್ಲಿದ್ದಾಗ ಪರದೆ ನಿಂತುಹೋದರೆ ಮಗು ಅಳುವುದು ನ್ಯಾಯವೇ ಅಲ್ವಾ?

ಹಂತ 7: ಕೊಟ್ಟ ಮೇಲೆ

ಮೊದಲ ದಿನ ಜೊತೆಗೆ ಕೂತು ಆಡಿ. ನಿಯಮಗಳನ್ನು ಯಂತ್ರದ ಜೊತೆಗೇ ಹೇಳಿ. ಎಲ್ಲಿ ಚಾರ್ಜ್‌ಗೆ ಇಡುವುದು, ಪರೀಕ್ಷೆ ಸಮಯದಲ್ಲಿ ಏನು, ರಾತ್ರಿ ಎಷ್ಟು ಗಂಟೆಗೆ ನಿಲ್ಲಿಸುವುದು ಎಂದು. ನನಗಂತೂ ಹಾಲ್‌ನಲ್ಲಿ ಚಾರ್ಜ್‌ಗೆ ಇಡುವುದು ಸರಿ ಕಾಣುತ್ತದೆ, ಮಲಗುವ ಕೋಣೆಯಲ್ಲಿ ಬೇಡ. ಗಂಟೆಗೊಮ್ಮೆ ಹತ್ತು-ಹದಿನೈದು ನಿಮಿಷ ಬಿಡುವು ಕೊಡಿ ಎಂದು ಕಂಪನಿಯೇ ಹೇಳುತ್ತದೆ. ಚಿಕ್ಕ ಮಕ್ಕಳಿಗೆ ಅರ್ಧ ಗಂಟೆಗೇ ಕಣ್ಣು ತಿರುಗಿಸಲು, ನೀರು ಕುಡಿಯಲು ಎಬ್ಬಿಸಿ.

ಎರಡು-ಮೂರು ತಿಂಗಳಲ್ಲಿ ಮೊದಲ ಆಟ ಮುಗಿಯುತ್ತದೆ. ಆಗ ಹೊಸದನ್ನು ಕೊಳ್ಳುವ ಮೊದಲು ಸ್ವಿಚ್ ಇರುವ ಬೇರೆ ಮನೆಗಳನ್ನು ಹುಡುಕಿ. ಅಪಾರ್ಟ್‌ಮೆಂಟಿನಲ್ಲಿ, ಶಾಲೆಯ ಪೋಷಕರಲ್ಲಿ, ನೆಂಟರಲ್ಲಿ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ಅವರ ಜೊತೆ ಕಾರ್ಟ್ರಿಜ್ ಬದಲಾಯಿಸಿಕೊಳ್ಳಿ. ಬಳಸಿದ ಆಟ ಕೊಂಡು ಮಾರುವ ಅಂಗಡಿಗಳೂ ಇವೆ, ಅಲ್ಲಿ ನಿಂಟೆಂಡೊ ಆಟಗಳಿಗೆ ಒಳ್ಳೆಯ ಬೆಲೆ ಸಿಗುತ್ತದೆ. ಡಬ್ಬಿ ಮತ್ತು ಬಿಲ್ ಜೋಪಾನವಾಗಿಡಿ. ಕಾರ್ಟ್ರಿಜ್ ಕೊಟ್ಟರೆ ಇಷ್ಟು ದಿನ ಆಡಿದ್ದು ಹೋಗಿಬಿಡುತ್ತದೆ ಎಂದು ಮಗು ಹೆದರಬಹುದು. ಹೋಗುವುದಿಲ್ಲ. ಆಡಿದ ಲೆಕ್ಕ ಕಾರ್ಟ್ರಿಜ್‌ನಲ್ಲಿ ಇರುವುದಿಲ್ಲ, ಯಂತ್ರದ ಒಳಗೇ ಇರುತ್ತದೆ. ಅದೇ ಆಟ ಮುಂದೆ ಯಾವತ್ತಾದರೂ ಮನೆಗೆ ಬಂದರೆ ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು.